ನಿಧಾನ ಓಡುವ ಪೂಲ್ ಪಂಪಿಗೆ ಗಾಳಿ ಹಿಡಿದರೆ ಎಲ್ಲಿ ಹುಡುಕಬೇಕು

ಬಾವಿ ಪಂಪಿಗೆ ಗಾಳಿ ಹಿಡಿಯುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಫುಟ್ ವಾಲ್ವಿಗೆ ಕಸ ಸಿಕ್ಕಿಕೊಂಡಿರುತ್ತದೆ, ಪೈಪಿನ ನೀರು ಇಳಿದು ಹೋಗಿರುತ್ತದೆ, ಮೇಲಿನ ಬಿರಡೆ ತೆಗೆದು ಕೊಡಪಾನದಲ್ಲಿ ನೀರು ಹೊಯ್ದರೆ ಪಂಪ್ ಮತ್ತೆ ನೀರೆತ್ತುತ್ತದೆ. ಅಲ್ಲಿ ಗೊಂದಲವೇ ಇಲ್ಲ. ನೀರು ಬರುತ್ತದೆ, ಇಲ್ಲ ಅಂದ್ರೆ ಬರುವುದಿಲ್ಲ. ಸ್ವಿಮ್ಮಿಂಗ್ ಪೂಲಿನ ವೇರಿಯಬಲ್ ಸ್ಪೀಡ್ ಪಂಪ್, ಅಂದರೆ ವೇಗ ಬೇಕಾದ ಹಾಗೆ ಹೆಚ್ಚು ಕಡಿಮೆ ಮಾಡಬಹುದಾದ ಪಂಪ್, ಹಾಗಲ್ಲ. ಒಳಗೆ ಗಾಳಿ ಸೇರುತ್ತಾ ಇದ್ದರೂ ಅದು ಏನೂ ಆಗದ ಹಾಗೆ ಓಡುತ್ತಲೇ ಇರುತ್ತದೆ. ಪಂಪಿನ ಮುಂದೆ ಕಸ ಹಿಡಿಯುವ ಬಾಸ್ಕೆಟ್ ಇರುವ ಪಾತ್ರೆ ಉಂಟಲ್ಲ, ಅದರ ಪಾರದರ್ಶಕ ಮುಚ್ಚಳದ ಕೆಳಗೆ ಒಂದು ದೊಡ್ಡ ಗುಳ್ಳೆ ನಿಂತಿರುತ್ತದೆ, ಫಿಲ್ಟರಿನ ಪ್ರೆಷರ್ ಮುಳ್ಳು ಸಣ್ಣಗೆ ನಡುಗುತ್ತಿರುತ್ತದೆ, ಪೂಲಿಗೆ ನೀರು ವಾಪಸ್ ಬರುವ ಕಡೆ ಗುಳುಗುಳು ಅಂತ ಗುಳ್ಳೆ ಬರುತ್ತಿರುತ್ತದೆ. ಕೆಲಸವೇನೋ ನಡೆಯುತ್ತಿದೆ, ಆದರೆ ಏನೋ ಸರಿ ಇಲ್ಲ.

ಉಡುಪಿ ಜಿಲ್ಲೆಯ ಕಾಪು ಬದಿಯಲ್ಲಿ ನಮ್ಮ ಚಿಕ್ಕಪ್ಪನ ಒಂದು ಸಣ್ಣ ಹೋಂಸ್ಟೇ ಉಂಟು. ಪೂಲ್ ಕೂಡ ಸಣ್ಣದೇ. ಹಳೆಯ ಪಂಪ್ ತೆಗೆದು ವೇರಿಯಬಲ್ ಸ್ಪೀಡಿನದ್ದು ಹಾಕಿಸಿದ ಮೇಲೆ ಅವರ ಗೋಳು ಇದೇ ಆಗಿತ್ತು. "ಹಳೆ ಪಂಪಿನಲ್ಲಿ ಎಂತ ತೊಂದರೆಯೂ ಇರಲಿಲ್ಲ ಮಾರಾಯ, ಹೊಸತು ಬಂದ ಮೇಲೆ ದಿನಾ ಗಾಳಿ ಬಿಡುವುದೇ ಕೆಲಸ ಆಗಿದೆ" ಅಂತ. ಪಂಪ್ ಹಾಕಿದವರನ್ನು ಕೇಳಿದರೆ ಅವರ ಉತ್ತರ ಒಂದೇ, ಸ್ಪೀಡ್ ಜಾಸ್ತಿ ಮಾಡಿ, ಗಾಳಿ ಹೋಗುತ್ತದೆ. ಹೌದು, ಹೋಗುತ್ತದೆ. ಆದರೆ ಆ ಸಲಹೆ ನನಗೆ ಒಂದು ಚೂರೂ ಒಪ್ಪಿಗೆ ಇಲ್ಲ. ಈ ಬರಹ ಬರೆಯಲಿಕ್ಕೆ ಕಾರಣವೇ ಅದು.

ಸ್ಪೀಡ್ ಜಾಸ್ತಿ ಮಾಡಿದಾಗ ಗಾಳಿ ಒಳಗೆ ಬರುವುದು ನಿಲ್ಲುವುದಿಲ್ಲ, ನಮ್ಮ ಕಣ್ಣಿಗೆ ಕಾಣುವುದು ನಿಲ್ಲುತ್ತದೆ ಅಷ್ಟೇ. ಪಂಪ್ ಜೋರಾಗಿ ಓಡಿದಷ್ಟೂ ಅದು ಪೈಪಿನಿಂದ ಎಳೆಯುವ ಬಲ ಹೆಚ್ಚುತ್ತದೆ. ತೂತು ಇದ್ದರೆ ಗಾಳಿಯೂ ಹೆಚ್ಚೇ ಬರುತ್ತದೆ. ಆದರೆ ನೀರು ಆಗ ರಭಸದಿಂದ ಹೋಗುವುದರಿಂದ ಆ ಗಾಳಿಯನ್ನು ಸಣ್ಣ ಸಣ್ಣ ಗುಳ್ಳೆ ಮಾಡಿ ಮುಂದಕ್ಕೆ, ಫಿಲ್ಟರಿಗೆ, ತಳ್ಳಿಕೊಂಡು ಹೋಗುತ್ತದೆ. ನಿಧಾನ ಓಡುವಾಗ ಬರುವ ಗಾಳಿ ಕಡಿಮೆ, ಆದರೆ ಅದನ್ನು ದೂಡಿಕೊಂಡು ಹೋಗುವ ಶಕ್ತಿ ನೀರಿಗೆ ಇಲ್ಲ. ಹಾಗಾಗಿ ಅದು ಬಾಸ್ಕೆಟ್ ಇರುವ ಪಾತ್ರೆಯ ಮೇಲ್ಭಾಗದಲ್ಲೇ ಕೂತುಬಿಡುತ್ತದೆ. ಚಿಕ್ಕಪ್ಪನ ಹಳೆ ಪಂಪ್ ಯಾವಾಗಲೂ ಒಂದೇ ವೇಗದಲ್ಲಿ, ಪೂರ್ತಿ ಜೋರಿನಲ್ಲಿ ಓಡುತ್ತಿತ್ತು. ಆ ತೂತು ಆಗಲೂ ಇದ್ದಿರಬಹುದು. ಹೊಸ ಪಂಪ್ ಅದನ್ನು ತೋರಿಸಿಕೊಟ್ಟಿದೆ.

ಇನ್ನು ದುಡ್ಡಿನ ಲೆಕ್ಕ ನೋಡಿ. ಪಂಪಿನ ವೇಗ ಅರ್ಧ ಮಾಡಿದರೆ ಹರಿಯುವ ನೀರು ಅರ್ಧ ಆಗುತ್ತದೆ, ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ, ಬೇಕಾಗುವ ಶಕ್ತಿ ಎಂಟನೇ ಒಂದು ಭಾಗಕ್ಕೆ ಬರುತ್ತದೆ. ಅಷ್ಟೇ ನೀರು ತಿರುಗಿಸಲು ಎರಡು ಪಟ್ಟು ಹೊತ್ತು ಓಡಿಸಿದರೂ ಕರೆಂಟ್ ಕಾಲು ಭಾಗ ಸಾಕು. ಇದು ಲೆಕ್ಕದ ಮಾತು. ಮೋಟಾರಿನ ನಷ್ಟ ಎಲ್ಲ ಸೇರಿದರೆ ಅಷ್ಟು ಚಂದ ಬರುವುದಿಲ್ಲ, ಆದರೂ ಉಳಿತಾಯ ದೊಡ್ಡದೇ. ಅದಕ್ಕೇ ಅಲ್ವಾ ಇಷ್ಟು ದುಬಾರಿ ಪಂಪ್ ತಂದದ್ದು? ಗಾಳಿ ಕಾಣಬಾರದು ಅಂತ ವೇಗವನ್ನು 1400 ಆರ್‌ಪಿಎಂನಿಂದ (ನಿಮಿಷಕ್ಕೆ ಇಷ್ಟು ಸುತ್ತು ಅಂತ) 2800ಕ್ಕೆ ಏರಿಸಿದರೆ ಆ ಉಳಿತಾಯ ಎಲ್ಲ ನೀರಲ್ಲಿ ಹೋಮ ಮಾಡಿದ ಹಾಗೆ.

ಎಲ್ಲಾ ಗುಳ್ಳೆಗೂ ಹೆದರಬೇಕಾಗಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪಂಪ್ ನೀರಿನ ಮಟ್ಟಕ್ಕಿಂತ ಮೇಲೆ ಇದ್ದರೆ ಕಡಿಮೆ ವೇಗದಲ್ಲಿ ಮುಚ್ಚಳದ ಕೆಳಗೆ ಸ್ವಲ್ಪ ಗಾಳಿ ನಿಲ್ಲುವುದು ಸಾಮಾನ್ಯ. ನಮ್ಮ ಕಡೆ ಪಂಪ್ ರೂಮ್ ಮೇಲೆಯೇ ಕಟ್ಟುವವರು ಜಾಸ್ತಿ. ವರ್ಷಕ್ಕೆ 4000 ಮಿಲಿಮೀಟರ್ ಹತ್ತಿರ ಮಳೆ ಹೊಡೆಯುವ ಜಾಗದಲ್ಲಿ ಪಂಪನ್ನು ಗುಂಡಿಯಲ್ಲಿಟ್ಟರೆ ಜೂನ್ ತಿಂಗಳಲ್ಲಿ ಮೋಟಾರ್ ಮುಳುಗುತ್ತದೆ, ಹಾಗಾಗಿ ಅದು ಸರಿಯೇ. ನೋಡಬೇಕಾದದ್ದು ಆ ಗುಳ್ಳೆ ಬೆಳೆಯುತ್ತದೋ ಇಲ್ಲವೋ ಅಂತ. ಒಂದು ಮಾರ್ಕರ್ ತೆಗೆದುಕೊಂಡು ಮುಚ್ಚಳದ ಮೇಲೆ ಗುಳ್ಳೆಯ ಅಂಚಿಗೆ ಸರಿಯಾಗಿ ಗೆರೆ ಎಳೆಯಿರಿ. ವೇಗ ಮುಟ್ಟಬೇಡಿ. ಒಂದು ಗಂಟೆ ಬಿಟ್ಟು ಬಂದು ನೋಡಿ. ಗುಳ್ಳೆ ಗೆರೆಯ ಒಳಗೇ ಇದ್ದರೆ, ಬಾಸ್ಕೆಟ್ ನೀರಲ್ಲಿ ಮುಳುಗಿದ್ದರೆ, ಪೂಲಿಗೆ ಗುಳ್ಳೆ ಬರದಿದ್ದರೆ ಸುಮ್ನೆ ಬಿಟ್ಟುಬಿಡಿ. ಗೆರೆ ದಾಟಿ ಹರಡಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಂತಲೇ ಅರ್ಥ. ಚಿಕ್ಕಪ್ಪನಲ್ಲಿ ಗಂಟೆ ಕಳೆಯುವಷ್ಟರಲ್ಲಿ ಬಾಸ್ಕೆಟ್ಟಿನ ಹಿಡಿ ನೀರಿನಿಂದ ಹೊರಗೆ ಬಂದಿತ್ತು.

ಎಲ್ಲಿ ಅಂತ ಹುಡುಕುವಾಗ ಒಂದು ವಿಷಯ ತಲೆಯಲ್ಲಿರಲಿ. ಪಂಪ್ ಓಡುವಾಗ ಗಾಳಿ ಒಳಗೆ ಬರುವುದು ಪೂಲಿನಿಂದ ಪಂಪಿನವರೆಗಿನ ಭಾಗದಲ್ಲಿ ಮಾತ್ರ, ಅಂದರೆ ಸಕ್ಷನ್ ಕಡೆ. ಪಂಪ್ ದಾಟಿದ ಮೇಲೆ ಒಳಗೆ ಒತ್ತಡ ಇರುತ್ತದೆ, ಅಲ್ಲಿ ತೂತಾದರೆ ನೀರು ಹೊರಗೆ ಚಿಮ್ಮುತ್ತದೆಯೇ ಹೊರತು ಗಾಳಿ ಒಳಗೆ ಬರುವುದಿಲ್ಲ. ಸೀಳು ಬಿಟ್ಟ ಸ್ಟ್ರಾದಲ್ಲಿ ಎಳನೀರು ಕುಡಿಯಲು ಹೋದ ಹಾಗೆ, ಬಾಯಿಗೆ ನೀರಿಗಿಂತ ಗಾಳಿಯೇ ಜಾಸ್ತಿ ಬರುತ್ತದೆ, ಆದರೆ ಹೊರಗೆ ಒಂದು ಹನಿಯೂ ಬೀಳುವುದಿಲ್ಲ. ಹಾಗಾಗಿ "ಎಲ್ಲೂ ಲೀಕ್ ಇಲ್ಲ, ನೆಲ ಒಣಗಿದೆ" ಅಂತ ಯಾರಾದರೂ ಹೇಳಿದರೆ ಆ ಮಾತಿಗೆ ಬೆಲೆ ಕೊಡಬೇಡಿ. ಪಂಪ್ ಓಡುವಾಗ ಗಾಳಿ ಎಳೆಯುವ ಜಾಗ ಒಣಗಿಯೇ ಇರುತ್ತದೆ.

ಪೂಲಿನ ಕಡೆಯಿಂದಲೇ ಶುರು ಮಾಡಿ. ಪೂಲಿನ ಗೋಡೆಯಲ್ಲಿ ಮೇಲ್ಮೈ ನೀರನ್ನು ಒಳಗೆ ಎಳೆಯುವ ಸ್ಕಿಮ್ಮರ್ ಇರುತ್ತದೆ, ನೀರು ಅದರ ಬಾಯಿಯ ಅರ್ಧಕ್ಕಾದರೂ ಇರಬೇಕು. ಮಾರ್ಚ್ ಏಪ್ರಿಲ್‌ನಲ್ಲಿ ಬಿಸಿಲಿಗೆ ನೀರು ಆರುತ್ತದೆ, ಮಕ್ಕಳು ಹಾರಿ ಹಾರಿ ಹೊರಗೆ ಚೆಲ್ಲುತ್ತಾರೆ, ಫಿಲ್ಟರ್ ತೊಳೆಯಲು ನೀರು ಹಿಂದುಮುಂದಾಗಿ ಹರಿಸಿದಾಗ, ಅಂದರೆ ಬ್ಯಾಕ್‌ವಾಶ್ ಮಾಡಿದಾಗ, ಒಂದಷ್ಟು ಹೋಗುತ್ತದೆ. ಮಟ್ಟ ಸ್ವಲ್ಪ ತಗ್ಗಿದರೂ ಜೋರು ವೇಗದಲ್ಲಿ ಸ್ಕಿಮ್ಮರ್ ಒಳಗೆ ಸುಳಿ ಏಳುತ್ತದೆ, ಆ ಸುಳಿಯ ನಡುವಿನಿಂದ ಗಾಳಿ ನೇರ ಪೈಪಿಗೆ ಇಳಿಯುತ್ತದೆ. ಬೆಳಿಗ್ಗೆ ಪಂಪ್ ಶುರುವಾಗುವಾಗ ಜೋರಾಗಿ ಓಡುತ್ತದಲ್ಲ, ಆ ಕೆಲವು ನಿಮಿಷ ಮಾತ್ರ ಸುಳಿ ಎದ್ದು ಆಮೇಲೆ ಅದು ಮಾಯ ಆಗುವುದೂ ಉಂಟು. ಆದರೆ ಆಗ ಬಂದ ಗಾಳಿ ಇಡೀ ದಿನ ಒಳಗೆ ಕೂತಿರುತ್ತದೆ. ಹಾಗಾಗಿ ಶುರುವಾಗುವ ಹೊತ್ತಿಗೇ ಸ್ಕಿಮ್ಮರ್ ಹತ್ತಿರ ನಿಂತು ನೋಡಬೇಕು. ಸ್ಕಿಮ್ಮರಿನ ಆ ಸಣ್ಣ ತೂಗುಬಾಗಿಲು ಸಿಕ್ಕಿಹಾಕಿಕೊಂಡಿದ್ದರೂ ಇದೇ ಕತೆ.

ಆಮೇಲೆ ಬಾಸ್ಕೆಟ್. ಕಡಲ ಬದಿಯ ಪೂಲುಗಳ ಸುತ್ತ ಗಾಳಿ ಮರ (ಕ್ಯಾಸುರಿನಾ) ಇದ್ದೇ ಇರುತ್ತದೆ. ಅದರ ಸೂಜಿಯಂಥ ಎಲೆ ಬಾಸ್ಕೆಟ್ಟಿನ ಸಂದಿಯಲ್ಲಿ ನೆಟ್ಟಗೆ ತೂರಿ ಹೋಗಿ, ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ ಉಂಟಲ್ಲ, ಆ ಇಂಪೆಲ್ಲರಿನ ಒಳಗೆ ಸುತ್ತಿಕೊಳ್ಳುತ್ತದೆ. ಸ್ಕಿಮ್ಮರಿನ ಬಾಸ್ಕೆಟ್ ಕಸದಿಂದ ತುಂಬಿದರೆ ಪಂಪ್ ಇನ್ನೂ ಬಲವಾಗಿ ಎಳೆಯಬೇಕಾಗುತ್ತದೆ, ಆಗ ಅಲ್ಲಿಯವರೆಗೆ ಸುಮ್ಮನಿದ್ದ ಸಡಿಲ ಜಾಯಿಂಟ್ ಕೂಡ ಗಾಳಿ ಒಳಗೆ ಎಳೆಯಲು ಶುರು ಮಾಡುತ್ತದೆ. ಇಂಪೆಲ್ಲರಿಗೆ ಕಸ ಸಿಕ್ಕಿದ್ದರೆ ಪಂಪಿನ ಕರೆಂಟ್ ಪೂರ್ತಿ ತೆಗೆದು, ಎಂಸಿಬಿಯನ್ನೇ ಇಳಿಸಿ, ಆಮೇಲೆ ಕೈ ಹಾಕಿ. ಈ ಪಂಪುಗಳು ಟೈಮರಿನಲ್ಲಿ ತಾನಾಗಿ ಶುರುವಾಗುತ್ತವೆ, ಬರೀ ಸ್ಟಾಪ್ ಬಟನ್ ಒತ್ತಿ ಕೈ ಹಾಕುವುದು ಬೇಡ.

ಬಾಸ್ಕೆಟ್ ಮುಚ್ಚಳದ ಓ-ರಿಂಗಿನ, ಅಂದರೆ ಅಂಚಿನ ರಬ್ಬರ್ ಬಳೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅದನ್ನು ವಾರಕ್ಕೆ ಎಷ್ಟೋ ಸಲ ತೆಗೆದು ಹಾಕುತ್ತಾರೆ, ಹಾಗಾಗಿ ಗಾಳಿ ಬರುವುದು ಹೆಚ್ಚಾಗಿ ಅಲ್ಲಿಂದಲೇ. ಒಂದು ಮರಳಿನ ಕಾಳು, ಒಂದು ಕೂದಲು ಸಾಕು. ರಿಂಗ್ ಹೊರಗೆ ತೆಗೆದು, ಬಟ್ಟೆಯಲ್ಲಿ ಒರೆಸಿ, ಬೆರಳ ಸಂದಿಯಲ್ಲಿ ಸುತ್ತಲೂ ಎಳೆದು ನೋಡಿ. ಚಪ್ಪಟೆ ಆಗಿದ್ದರೆ, ಬಗ್ಗಿಸಿದಾಗ ಸಣ್ಣ ಬಿರುಕು ಕಂಡರೆ ಹೊಸತು ಹಾಕಿ. ರಿಂಗ್ ಕೂರುವ ಕಾಲುವೆಯನ್ನೂ ಒರೆಸಿ. ಆಮೇಲೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ. ತೆಂಗಿನೆಣ್ಣೆ ಖಂಡಿತ ಬೇಡ. ನಮ್ಮಲ್ಲಿ ಕೀಲು, ಬೀಗ, ಹಲಸಿನ ಮಯಣ ಎಲ್ಲದಕ್ಕೂ ತೆಂಗಿನೆಣ್ಣೆಯೇ ಮದ್ದು, ಹಾಗಾಗಿ ಕೈ ಮೊದಲು ಅದಕ್ಕೇ ಹೋಗುತ್ತದೆ. ಎಣ್ಣೆಗೆ ಕೆಲವು ಜಾತಿಯ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಆಮೇಲೆ ಕಾಲುವೆಯಲ್ಲಿ ಸರಿಯಾಗಿ ಕೂರುವುದೇ ಇಲ್ಲ. ಪೆಟ್ರೋಲಿಯಂ ಜೆಲ್ಲಿ, ಗಾಡಿಗೆ ಹಾಕುವ ಗ್ರೀಸ್ ಕೂಡ ಬೇಡ. ಅದೇ ಪಾತ್ರೆಯ ಅಡಿಯಲ್ಲಿ ನೀರು ಬಸಿಯುವ ಬಿರಡೆ ಇರುತ್ತದೆ, ಅದಕ್ಕೂ ಒಂದು ಸಣ್ಣ ರಿಂಗ್ ಇರುತ್ತದೆ. ಅದನ್ನು ಯಾರೂ ನೆನಪು ಮಾಡಿಕೊಳ್ಳುವುದಿಲ್ಲ.

ಮುಚ್ಚಳ ಸರಿ ಇದೆಯೋ ಅಂತ ನೋಡಲು ಸುಲಭದ ದಾರಿ, ಪಂಪ್ ಓಡುತ್ತಿರುವಾಗ ಮುಚ್ಚಳದ ಅಂಚಿನ ಸುತ್ತ ಚೊಂಬಿನಿಂದ ನಿಧಾನ ನೀರು ಹೊಯ್ಯುವುದು. ಮೋಟಾರಿನ ಮೇಲೆ ಬೀಳದ ಹಾಗೆ. ನೀರು ಹೊಯ್ಯುವಷ್ಟು ಹೊತ್ತು ಒಳಗಿನ ಗುಳ್ಳೆ ಬರುವುದು ನಿಂತರೆ ಗಾಳಿ ಅಲ್ಲಿಂದಲೇ.

ಚಿಕ್ಕಪ್ಪನಲ್ಲಿ ಮುಚ್ಚಳ, ಬಿರಡೆ ಎರಡೂ ಸರಿ ಇದ್ದವು. ಪಂಪ್ ನಿಲ್ಲಿಸಿದ ಕೂಡಲೇ ಪಾತ್ರೆಯ ನೀರು ಸರಸರ ಇಳಿದು ಪೂಲಿಗೆ ವಾಪಸ್ ಹೋಗುತ್ತಿತ್ತು. ಇದು ಒಳ್ಳೆಯ ಸುಳಿವು. ಪಂಪ್ ನೀರಿನ ಮಟ್ಟಕ್ಕಿಂತ ಮೇಲಿದ್ದರೆ, ಪಂಪ್ ನಿಂತ ಮೇಲೂ ಎಲ್ಲಿಂದಲೋ ಗಾಳಿ ಒಳಗೆ ಬಂದರೆ ಮಾತ್ರ ನೀರು ಅಷ್ಟು ಬೇಗ ಹಿಂದೆ ಇಳಿಯಲು ಸಾಧ್ಯ. ಅಂದರೆ ತೂತು ಇರುವುದು ನೀರಿನ ಮಟ್ಟಕ್ಕಿಂತ ಮೇಲಿನ ಭಾಗದಲ್ಲಿ, ನಮ್ಮ ಕಣ್ಣೆದುರೇ. ನಿಮ್ಮ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕೆಲಸ ಇನ್ನೂ ಸುಲಭ, ಪಂಪ್ ನಿಲ್ಲಿಸಿ ಕಾಯಿರಿ, ಗಾಳಿ ಎಳೆಯುತ್ತಿದ್ದ ಜಾಗದಲ್ಲೇ ನೀರು ಜಿನುಗುತ್ತದೆ.

ಇನ್ನು ಗಡ್ಡಕ್ಕೆ ಹಾಕುವ ಶೇವಿಂಗ್ ಫೋಮ್. ಇದಕ್ಕಿಂತ ಒಳ್ಳೆಯ ಉಪಕರಣ ನನಗೆ ಸಿಕ್ಕಿಲ್ಲ. ಸೋಪಿನ ನೀರಿನಲ್ಲೂ ಆಗುತ್ತದೆ, ಆದರೆ ಸಕ್ಷನ್ ಕಡೆ ಗುಳ್ಳೆ ಹೊರಗೆ ಉಬ್ಬುವುದಿಲ್ಲ, ಒಳಗೆ ಎಳೆದುಕೊಳ್ಳುತ್ತದೆ, ಹಾಗಾಗಿ ಕಣ್ಣಿಗೆ ಬೀಳುವುದು ಕಷ್ಟ. ಪಂಪಿನ ವೇಗ ಪೂರ್ತಿ ಏರಿಸಿ, ಪಂಪಿನ ಬಾಯಿಗೆ ಪೈಪ್ ಸೇರುವ ಜಾಗ, ಯೂನಿಯನ್ (ಬಿಚ್ಚಿ ಹಾಕಬಹುದಾದ ಜಾಯಿಂಟ್), ಪ್ರತಿಯೊಂದು ಎಲ್ಬೋ, ವಾಲ್ವಿನ ಹಿಡಿಯ ಬುಡ, ಎಲ್ಲದಕ್ಕೂ ದಪ್ಪಗೆ ಫೋಮ್ ಮೆತ್ತಿ. ನಾನು ಪಂಪಿನ ಬಾಯಿಯ ಥ್ರೆಡ್ಡಿನ ಮೇಲೆಯೇ ಕಣ್ಣಿಟ್ಟು ಕೂತಿದ್ದೆ. ಯಾಕೆಂದರೆ ಪಂಪ್ ಒಮ್ಮೆ ನೀರಿಲ್ಲದೆ ಒಣಗಿ ಓಡಿದರೆ ಒಳಗೆ ಉಳಿದ ಸ್ವಲ್ಪ ನೀರು ತುಂಬಾ ಬಿಸಿಯಾಗಿ ಅಲ್ಲಿನ ಪಿವಿಸಿ ಥ್ರೆಡ್ ಕುಗ್ಗಬಹುದು, ಆಮೇಲೆ ಎಷ್ಟು ಬಿಗಿದರೂ ಗಾಳಿ ನಿಲ್ಲುವುದಿಲ್ಲ. ಅಲ್ಲಿ ಫೋಮ್ ಹಾಗೇ ಇತ್ತು. ಸ್ಕಿಮ್ಮರ್ ಮತ್ತು ಪೂಲಿನ ತಳದ ಮೈನ್ ಡ್ರೈನ್ ಎರಡು ಪೈಪು ಸೇರುವ ಕಡೆ ಒಂದು ತ್ರೀ-ವೇ ವಾಲ್ವ್ ಇದೆ. ಅದರ ಹಿಡಿಯ ಬುಡದಲ್ಲಿ ಮೆತ್ತಿದ್ದ ಬಿಳಿ ಫೋಮಿನಲ್ಲಿ ಮೊದಲು ಒಂದು ಸಣ್ಣ ತಗ್ಗು ಬಿತ್ತು. ನೋಡುತ್ತಿದ್ದ ಹಾಗೆ ಆ ತಗ್ಗು ಸೂಜಿ ಹೋಗುವಷ್ಟು ತೂತಾಯಿತು, ಸುತ್ತಲಿನ ಫೋಮ್ ಮೆಲ್ಲ ಮೆಲ್ಲ ಅದರೊಳಗೆ ಜಾರಿತು. ಕಿವಿ ಹತ್ತಿರ ಇಟ್ಟರೆ ತೆಳ್ಳಗೆ ಸುಯ್ ಅನ್ನುವ ಶಬ್ದ. ಚಿಕ್ಕಪ್ಪ ಬಗ್ಗಿ ನೋಡಿ, "ಇಷ್ಟು ಸಣ್ಣದಾ?" ಅಂದರು. "ಇಷ್ಟೇ ಸಾಕು ಚಿಕ್ಕಪ್ಪ, ನೀವು ಒಮ್ಮೆ ಬೆರಳಿಟ್ಟು ಒತ್ತಿ ನೋಡಿ" ಅಂದೆ. ಅವರು ಒತ್ತಿ ಹಿಡಿದಷ್ಟು ಹೊತ್ತು ಪಾತ್ರೆಯೊಳಗಿನ ಗುಳ್ಳೆಗಳು ನಿಂತವು.

ವಾಲ್ವಿನ ಮೇಲಿನ ಸ್ಕ್ರೂ ಬಿಚ್ಚಿ ನೋಡಿದರೆ ಹಿಡಿಯ ಸುತ್ತಿನ ಸಣ್ಣ ಓ-ರಿಂಗ್ ಗಟ್ಟಿಯಾಗಿ ಒಂದು ಕಡೆ ತುಂಡಾಗಿತ್ತು. ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಅಳತೆಯ ರಿಂಗ್ ಸಿಕ್ಕಿತು. ತುಂಡಾದದ್ದನ್ನೇ ಜೊತೆಗೆ ಒಯ್ಯಿರಿ, ಕಣ್ಣಳತೆಯಲ್ಲಿ ಹೇಳಿ ತಂದರೆ ಕೂರುವುದಿಲ್ಲ.

ಎರಡು ಪೈಪಿಗೂ ಬೇರೆ ಬೇರೆ ವಾಲ್ವ್ ಇದ್ದರೆ ಇನ್ನೊಂದು ಪರೀಕ್ಷೆ ಮಾಡಬಹುದು. ಸ್ಕಿಮ್ಮರಿನದ್ದು ಮುಚ್ಚಿ ಬರೀ ಮೈನ್ ಡ್ರೈನಿನಿಂದ ಎಳೆಸಿ ನೋಡಿ. ಗಾಳಿ ನಿಂತರೆ ತೊಂದರೆ ಸ್ಕಿಮ್ಮರ್ ಪೈಪಿನಲ್ಲಿ. ಈ ಪರೀಕ್ಷೆ ಮಾಡುವಾಗ ಪೂಲಿನಲ್ಲಿ ಒಬ್ಬರೂ ಇರಬಾರದು. ಇಡೀ ಎಳೆತ ತಳದ ಒಂದೇ ಜಾಲರಿಯ ಮೇಲೆ ಬಿದ್ದರೆ ಕೂದಲೋ ಕೈಯೋ ಅಂಟಿಕೊಂಡು ಮೇಲೆ ಬರಲಾಗದೆ ಜೀವ ಹೋಗುವ ಅಪಾಯ ಇದೆ. ಹೋಂಸ್ಟೇಯಲ್ಲಿ ಅತಿಥಿಗಳು ಹೇಳದೆ ಕೇಳದೆ ನೀರಿಗೆ ಇಳಿಯುತ್ತಾರೆ, ಹಾಗಾಗಿ ಒಬ್ಬರನ್ನು ಪೂಲಿನ ಬದಿಯಲ್ಲಿ ನಿಲ್ಲಿಸಿಯೇ ಮಾಡಿ.

ಫಿಲ್ಟರಿನ ವಿಷಯದಲ್ಲೂ ಅಷ್ಟೇ ಜಾಗ್ರತೆ ಬೇಕು. ಒಳಗೆ ಬಂದ ಗಾಳಿ ಕೊನೆಗೆ ಫಿಲ್ಟರಿನ ತಲೆಯಲ್ಲಿ ಸೇರುತ್ತದೆ. ನೀರನ್ನು ಅದುಮಲು ಆಗುವುದಿಲ್ಲ, ಗಾಳಿಯನ್ನು ಅದುಮಬಹುದು. ಅದುಮಿದ ಗಾಳಿಯಲ್ಲಿ ತುಂಬಾ ಬಲ ಇರುತ್ತದೆ. ಮುಚ್ಚಳದ ಕ್ಲಾಂಪ್ ಸಡಿಲ ಇದ್ದರೆ, ಇಲ್ಲವೇ ಒತ್ತಡ ಇರುವಾಗಲೇ ಯಾರಾದರೂ ಅದನ್ನು ಬಿಚ್ಚಲು ಹೋದರೆ ಮುಚ್ಚಳ ಹಾರಿ ಮುಖಕ್ಕೆ ಹೊಡೆಯಬಹುದು. ಪಂಪ್ ನಿಲ್ಲಿಸಿ, ಫಿಲ್ಟರಿನ ಮೇಲಿನ ಏರ್ ವಾಲ್ವ್ ತೆರೆದು, ಮುಳ್ಳು ಸೊನ್ನೆಗೆ ಬಂದ ಮೇಲೆಯೇ ಕ್ಲಾಂಪ್ ಮುಟ್ಟಿ. ಮತ್ತೆ ಶುರು ಮಾಡುವಾಗ ಏರ್ ವಾಲ್ವ್ ತೆರೆದೇ ಇಟ್ಟು, ದೂರ ನಿಂತು ಪಂಪ್ ಹಾಕಿ, ನೀರು ಒಂದೇ ಸಮ ಚಿಮ್ಮಲು ಶುರುವಾದ ಮೇಲೆ ಮುಚ್ಚಿ. ಪಂಪ್ ನಿಲ್ಲಿಸಿದಾಗ ಸ್ಕಿಮ್ಮರಿನಲ್ಲಿ ಬಳಬಳ ಅಂತ ಗುಳ್ಳೆ ಎದ್ದರೆ ಅದು ಫಿಲ್ಟರಿನಲ್ಲಿ ಅದುಮಿಕೊಂಡಿದ್ದ ಗಾಳಿ ಹಿಗ್ಗಿ ನೀರನ್ನು ಹಿಂದಕ್ಕೆ ತಳ್ಳಿದ್ದು.

ದಿನಾ ಬೆಳಿಗ್ಗೆ ಈ ಏರ್ ವಾಲ್ವ್ ತಿರುಗಿಸಿ ಗಾಳಿ ಬಿಡುವುದನ್ನೇ ಕೆಲಸ ಅಂತ ಒಪ್ಪಿಕೊಂಡ ಮನೆಗಳು ಎಷ್ಟೋ ಇವೆ. ನನಗೆ ಅದು ಬೇಸರದ ವಿಷಯ. ಯಾಕೆಂದರೆ ತೊಂದರೆ ಬರೀ ಗುಳ್ಳೆಯದ್ದಲ್ಲ. ಪಂಪಿನ ಸೀಲ್ ತಣ್ಣಗಿರುವುದು ನೀರಿನಿಂದ. ನೀರು ಕಡಿಮೆಯಾದರೆ ಅದು ಬಿಸಿಯಾಗಿ ಹಾಳಾಗುತ್ತದೆ, ನೀರು ಮೋಟಾರಿನ ಬದಿಗೆ ಇಳಿಯುತ್ತದೆ, ಅಲ್ಲಿಗೆ ಕತೆ ಮುಗಿಯಿತು.

ಸಾಲ್ಟ್ ಕ್ಲೋರಿನೇಟರ್, ಅಂದರೆ ಉಪ್ಪು ನೀರಿನಿಂದ ಕ್ಲೋರಿನ್ ಮಾಡುವ ಸೆಲ್, ಇರುವವರಿಗೆ ಒಂದು ಮಾತು. ಪೂಲಿಗೆ ನೀರು ಬರುವ ಕಡೆ ಹಾಲಿನ ಹೊಗೆಯ ಹಾಗೆ ತೀರಾ ಸಣ್ಣ ಗುಳ್ಳೆ ಕಂಡರೆ ಅದು ಲೀಕ್ ಅಲ್ಲದೇ ಇರಬಹುದು. ಆ ಸೆಲ್ ಕ್ಲೋರಿನ್ ಮಾಡುವಾಗ ಜೊತೆಗೆ ಹೈಡ್ರೋಜನ್ ಹುಟ್ಟುತ್ತದೆ. ಸೆಲ್ ಆಫ್ ಮಾಡಿ ನೋಡಿ, ಗುಳ್ಳೆ ನಿಂತರೆ ಪಂಪನ್ನು ಬೈಯಬೇಡಿ. ಆದರೆ ಹೈಡ್ರೋಜನ್ ಬೆಂಕಿ ಹತ್ತುವ ಅನಿಲ, ಹಾಗಾಗಿ ನೀರು ಸರಿಯಾಗಿ ಹರಿಯದಿರುವಾಗ ಸೆಲ್ ಓಡಬಾರದು. ಅದಕ್ಕೇ ಫ್ಲೋ ಸ್ವಿಚ್ ಇಟ್ಟಿರುವುದು. ಕಡಿಮೆ ವೇಗದಲ್ಲಿ ಅದು ಪದೇ ಪದೇ ಸೆಲ್ ನಿಲ್ಲಿಸುತ್ತದೆ ಅಂತ ಅದನ್ನು ಶಾರ್ಟ್ ಮಾಡಿಸುವವರು ಇದ್ದಾರೆ, ದಯವಿಟ್ಟು ಹಾಗೆ ಮಾಡಿಸಬೇಡಿ. ವೇಗ ಸ್ವಲ್ಪ ಏರಿಸಿ. ಇಲ್ಲಿ ಮಾತ್ರ ವೇಗ ಏರಿಸುವುದೇ ಸರಿಯಾದ ದಾರಿ.

ರಿಂಗ್ ಬದಲಿಸಿದ ಮೇಲೆ ಸೆಟ್ಟಿಂಗ್ ಕೂಡ ಒಮ್ಮೆ ನೋಡಿದೆವು. ಬೆಳಿಗ್ಗೆ ಶುರುವಾಗುವಾಗ ಕೆಲವು ನಿಮಿಷ ಜೋರು, ಪೈಪಿನ ಗಾಳಿ ಎಲ್ಲ ಹೋಗಲಿ ಅಂತ, ಆಮೇಲೆ 1400. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಬರುವುದು ಇದ್ದದ್ದೇ, ಪ್ರತಿ ಸಲ ಕರೆಂಟ್ ಬಂದಾಗಲೂ ಪಂಪ್ ಮೊದಲು ಪೈಪಿನಲ್ಲಿ ಪೂರ್ತಿ ನೀರು ಹಿಡಿದುಕೊಂಡು ಆಮೇಲೆಯೇ ಕಡಿಮೆ ವೇಗಕ್ಕೆ ಇಳಿಯಬೇಕು. ಶುರುವಿನ ಈ ಜೋರು ಓಟದ (ಪ್ರೈಮಿಂಗ್) ಹೊತ್ತನ್ನು ತೀರಾ ಕಡಿಮೆ ಇಟ್ಟರೆ ಅರ್ಧ ತುಂಬಿದ ಪಾತ್ರೆಯಲ್ಲೇ ದಿನವಿಡೀ ಓಡುತ್ತದೆ. ಈಗ ಮಾರ್ಕರಿನ ಗೆರೆಯೊಳಗೆ ಒಂದು ನೆಲ್ಲಿಕಾಯಿ ಗಾತ್ರದ ಗುಳ್ಳೆ ಇದೆ. ಅದು ಬೆಳೆಯುವುದಿಲ್ಲ. ಚಿಕ್ಕಪ್ಪನಿಗೆ ಅದೂ ಹೋಗಬೇಕಂತೆ, ಬೇಡ ಅಂದಿದ್ದೇನೆ.

ಕಣ್ಣೆದುರಿನ ಜಾಯಿಂಟ್ ಎಲ್ಲಾ ಸರಿ ಇದ್ದು ಗಾಳಿ ಮಾತ್ರ ನಿಲ್ಲದಿದ್ದರೆ ತೂತು ಮಣ್ಣಿನಡಿಯ ಪೈಪಿನಲ್ಲಿ ಇರಬಹುದು. ಇದು ನಮ್ಮ ಕಡೆ ಋತು ನೋಡಿ ವೇಷ ಬದಲಿಸುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿರುವಾಗ ಬಿರುಕಿನಿಂದ ಗಾಳಿ ಬರುತ್ತದೆ. ಮಳೆಗಾಲದಲ್ಲಿ ಅದೇ ಬಿರುಕಿನ ಸುತ್ತ ನೀರು ನಿಂತಿರುವುದರಿಂದ ಗಾಳಿ ನಿಲ್ಲುತ್ತದೆ, ಅದರ ಬದಲು ಮಣ್ಣಿನ ನೀರು ಬರುತ್ತದೆ. "ಮಳೆ ಶುರುವಾದ ಮೇಲೆ ತಾನಾಗಿ ಸರಿ ಆಯ್ತು" ಅಂತ ಬಿಟ್ಟುಬಿಡಬೇಡಿ. ಜೂನ್ ಜುಲೈಯಲ್ಲಿ ಬಾಸ್ಕೆಟ್ಟಿನ ತಳದಲ್ಲಿ ಕೆಂಪು ಮಣ್ಣಿನ ನುಣುಪಾದ ಕೆಸರು ಕೂತಿದೆಯಾ ಅಂತ ಬೆರಳಿಟ್ಟು ನೋಡಿ. ಇದ್ದರೆ ಪೂಲಿನ ಸುತ್ತಲಿನ ಕಲ್ಲು ಅಗೆಯುವ ಮೊದಲು ಎರಡೂ ಕಡೆ ಬಿರಡೆ ಹಾಕಿ ಪೈಪಿನ ಪ್ರೆಷರ್ ಟೆಸ್ಟ್ ಮಾಡಿಸಿ, ಸ್ಕಿಮ್ಮರ್ ಪೈಪ್ ಬೇರೆ, ಮೈನ್ ಡ್ರೈನ್ ಪೈಪ್ ಬೇರೆ.